ಏಳೆಲಿ

ಜೋರಾಗಿ ಮಾತಾಡ್ರಿ, ನನಗ ಕಿವಿ ಕೇಳಂಗಿಲ್ಲ. ಬಾಯಿ ನೋಡಿ ಅಷ್ಟಿಷ್ಟ ತಿಳಕೋತೇನಿ. ಈಗೇನೋ ಈ ಮಾತು ನಾಚಿಕಿ ಬಿಟ್ಟ ಹೇಳಾಕತ್ತೇನಿ, ಇಪ್ಪತ್ತ ವರ್ಷ ಯಾರ ಮುಂದೂ ಹೇಳಿರಲಿಲ್ಲ. ಕಟ್ಟಿಕೊಂಡ ಹೆಂಡತಿ ಮುಂದೂ ಹೇಳಿರಲಿಲ್ಲ. ಹೇಳಿದ್ದರ ಈ ಡಬ್ಬಿಯಾಗ ಇವತ್ತ ಬ್ಯಾರೇನ ಹೂ ಇರತಿತ್ತು.

ನಾ ಲಗಮಣ್ಣ. ಗೋಕಾಕ ಫಾಲ್ಸದಾಗ ನೂಲಿನ ಮಿಲ್ಲಿಗೆ ಹೋಗಾಂವ. ಸಾಂಚಾ ಅಂದ್ರ ನೂಲೋ ಯಂತ್ರ, ಅದರ ಮ್ಯಾಲ ಹರದ ಎಳಿ ಹುಡುಕಿ ಗಂಟ ಹಾಕೋದು ನನ್ನ ಕೆಲಸ. ಸಣ್ಣಾಂವ ಇದ್ದಾಗ ಜ್ವರಾ ಬಂದು ಕಿವಿ ಮಂದ ಆಗಿತ್ತು, ವಯಸ್ಸ ಏರಿದಂಗ ಹೆಚ್ಚೂಕಡಿಮಿ ಪೂರಾ ಹೋತು. ಆದ್ರ ಮಿಲ್ಲಿನಾಗ ಒಬ್ಬನಿಗೂ ಗೊತ್ತಾಗಲಿಲ್ಲ ನೋಡ್ರಿ! ಆ ಗದ್ದಲದಾಗ ಗಟ್ಟಿ ಕಿವಿಯವಗೂ ಏನೂ ಕೇಳಂಗಿಲ್ಲ, ಎಲ್ಲಾ ಕೈಸನ್ನಿ. ಮುಕಾದಮ ಮೂರ ಬೆರಳ ಎತ್ತಿದ್ರ ಮೂರನೇ ಸಾಂಚಾದಾಗ ಎಳಿ ಹರದೈತಿ ಅಂತ ಅರ್ಥ, ಒಂಬತ್ತ ಎತ್ತಿದ್ರ ಒಂಬತ್ತನೇದ್ರಾಗ. ಬೆರಳ ನೋಡಿ ಓಡೋದ್ರಾಗ ನನ್ನಷ್ಟ ಚುರುಕ ಯಾರೂ ಇರಲಿಲ್ಲ.

ಮಿಲ್ಲಿನ ಹೊರಗ ಬಂದ ಮ್ಯಾಲ ಫಜೀತಿ. ಯಾರ ಏನ ಅಂದ್ರೂ "ಹೂಂ" ಅಂತಿದ್ದೆ. ಎರಡನೇ ಸಲ ಕೇಳಿದ್ರ ಮೈಮ್ಯಾಲ ಹೋಗತಿದ್ದೆ. ಕಿವುಡ ಅನಿಸ್ಕೊಳ್ಳೋದಕ್ಕಿಂತ ಸಿಡುಕ ಅನಿಸ್ಕೊಳ್ಳೋದು ಚಲೋ ಅನಿಸಿತ್ತು. ಎಂಥಾ ಮಬ್ಬ ನಾನು!

ನನ್ನ ಹೆಂಡತಿ ಸಾವಂತ್ರೆವ್ವ, ಕಲ್ಲೋಳಿಯಾಕಿ. ನಮಗ ಒಬ್ಬಾಕಿ ಮಗಳು, ಸುಂದ್ರವ್ವ. ಆರ ವರ್ಷದಾಕಿ, ಸಿಡುಬು ಎದ್ದು ಐದ ದಿನದಾಗ ಹ್ವಾದ್ಲು. ಆಮ್ಯಾಲ ಸಾವಂತ್ರಿ ಮೂರ ತಿಂಗಳ ಗ್ವಾಡಿ ನೋಡ್ಕೋತ ಕುಂತಳು. ಒಂದ ದಿನ ಎಲ್ಲಿಂದಲೋ ಒಂದ ಗುಲಾಬಿ ಕಡ್ಡಿ ತಂದು ಒಡಕ ಡಾಲ್ಡಾ ಡಬ್ಬಿಯಾಗ ಊರಿದ್ಲು. ಅದು ಚಿಗತ ದಿನ ಅಕಿ ಎದ್ದು, ಜಳಕಾ ಮಾಡಿ, ತಲಿ ಬಾಚಿಕೊಂಡ್ಲು. ನೋಡನೋಡೂದ್ರಾಗ ಹನ್ನೊಂದ ಡಬ್ಬಿ ಆದ್ವು, ನಮ್ಮ ಚಾಳಿನ ಮುಂದ ಸಾಲಾಗಿ. "ನಳದ ಮುಂದ ಪಾಳಿ ಹಚ್ಚಿ ತಂದ ನೀರ ಮುಳ್ಳಿಗೆ ಸುರೀತಿ, ಹುಚ್ಚ ಹಿಡದೈತೇನ ನಿನಗ?" ಅಂತ ಬೈತಿದ್ದೆ. ಅಕಿ ನಕ್ಕ ಬಿಡತಿದ್ಲು. ಮಗಳ ಹ್ವಾದ ಮ್ಯಾಲ ಅಕಿ ನಕ್ಕದ್ದು ಆ ಗಿಡಗೋಳ ಮುಂದ ಅಷ್ಟ.

ಅಲ್ಲೇ ಒಬ್ಬ ಇಂಜಿನಿಯರ ಸಾಹೇಬರ ಬಂಗ್ಲೆ ಇತ್ತು. ಅಲ್ಲಿ ಮಾಲಿ ಹೊಳೆಪ್ಪ ಒಂದ ಗುಲಾಬಿ ಬೆಳಸಿದ್ದ, ಮಾಗಿದ ನೇರಲಹಣ್ಣಿನ ಬಣ್ಣದ್ದು. ಅಂಥಾದ್ದು ಸುತ್ತ ಎಲ್ಲೂ ಇರಲಿಲ್ಲ. ಸಾವಂತ್ರಿ ಕೈಕಾಲ ಬಿದ್ದು ಅದರ ಒಂದ ಕಣ್ಣ ಇಸ್ಕೊಂಡ ಬಂದ್ಲು. ಕಣ್ಣಂದ್ರ ಟೊಂಗಿ ಮ್ಯಾಲಿನ ಮೊಳಕಿ. ಒಂದ ಡಬ್ಬಿಯಾಗಿನ ಕಾಡಗುಲಾಬಿ ಕಾಂಡದ ತೊಗಟಿ ಸೀಳಿ, ಒಳಗ ಆ ಕಣ್ಣ ಕೂಡಿಸಿ, ನನ್ನ ಅಂಗಿಗೆ ಅಂಟಿಕೊಂಡ ಬಂದ ನೂಲಿಲೇ ಸುತ್ತಿ ಕಟ್ಟಿದ್ಲು. "ಇದರ ಮೊದಲನೇ ಹೂ ನಮ್ಮ ಸುಂದ್ರಿನ್ನ ಮಣ್ಣ ಮಾಡಿದ ಕುಣಿ ಮ್ಯಾಲ ಇಡೂಣು" ಅಂದ್ಲು. ಕಣ್ಣ ಹತ್ತಿತು. ಕೆಂಪನ್ನ ಎಳಿ ಚಿಗುರ ಬಂತು. ಅವತ್ತ ಓಣಿಗೆಲ್ಲಾ ಸಕ್ಕರಿ ಹಂಚಿದ್ಲು ನಮ್ಮ ಹುಚ್ಚಿ.

ಆದ್ರ ಹೂ ಬಿಡೂದ್ರಾಗ ಅಕಿ ಹಾಸಿಗಿ ಹಿಡದ್ಲು. ಕ್ಷಯ. ಎಲಬಿನ ಗೂಡಾದ್ಲು, ದನಿ ಪೂರಾ ಉಡಗಿ ಹೋತು. ಹತ್ತ ಡಬ್ಬಿ ಬಾಜೂ ಮನಿಯವರಿಗೆ ಕೊಟ್ಟು, ಈ ಒಂದನ್ನ ಅಷ್ಟ ಇಟ್ಕೊಂಡ್ಲು. ಒಂದ ಮುಂಜಾನೆ ಬಿಸಲಿಗೆ ಕಟ್ಟಿ ಮ್ಯಾಲ ಮಲಗಿಸಿದ್ದೆ, ಬಾಜೂಕ ಡಬ್ಬಿ. ನನ್ನ ಭುಜಾ ಮುಟ್ಟಿ, ಮಾರಿ ತನ್ನ ಕಡೆ ತಿರುಗಿಸಿಕೊಂಡು ಏನೋ ಅಂದ್ಲು. ತುಟಿ ನೋಡಿದೆ. "ಎಳೆಲಿ ಬಂದ್ರ ಚಿವುಟ್ರಿ, ಮರೀಬ್ಯಾಡ್ರಿ" ಅಂದಂಗ ಆತು. "ಹೂಂ" ಅಂದೆ. ಅಕಿ ಇಲ್ಲ ಅಂತ ತಲಿ ಅಲ್ಲಾಡಿಸಿ ಮತ್ತ ಅಂದ್ಲು. ಮತ್ತ "ಹೂಂ" ಅಂದೆ. ಆಮ್ಯಾಲ ಕೈ ಎರಡೂ ಮ್ಯಾಲ ಎತ್ತಿದ್ಲು. ಹಿಡಕೋ ಅಂತಾಳ ಅನಿಸಿ ಎರಡೂ ಕೈ ಗಟ್ಟಿ ಹಿಡಕೊಂಡೆ. ಮದುವಿಯಾಗಿ ಅಷ್ಟ ವರ್ಷದಾಗ ಹಂಗ ಹಿಡಕೊಂಡಿರಲಿಲ್ಲ. ಅಕಿ ನನ್ನ ಮಾರಿ ನೋಡಿದ್ಲು, ಕಣ್ಣಾಗ ನೀರ ತಂದ್ಲು, ಕೈ ಸಡಿಲ ಬಿಟ್ಲು. ಮೂರನೇ ದಿನಕ್ಕ ಹ್ವಾದ್ಲು. ಮಗಳ ಬಾಜೂಕ ಮಣ್ಣ ಮಾಡಿದಿವಿ.

ಆಮ್ಯಾಲ ಎಂಟ ತಿಂಗಳ ನಾ ಬದುಕಿದ್ದು ಈ ಡಬ್ಬಿ ಸಲುವಾಗಿ. ಖರೆ ಹೇಳತೇನಿ, ಮಿಲ್ಲಿನಿಂದ ಬಂದು ಚಾ ಸುದ್ಧಾ ಕುಡೀದ ಇದರ ಮುಂದ ಕುಂಡ್ರತಿದ್ದೆ. ಮಣ್ಣ ಕೆದರೋದು, ಕುರಿ ಹಿಕ್ಕಿ ಹಾಕೋದು, ಹುಳಾ ಆರಸೋದು. ಎದಿಯಾಗಿನ ಉರಿ ಅಷ್ಟ ಹೊತ್ತ ತಣ್ಣಗ ಆಗತಿತ್ತು. ಸಾವಂತ್ರಿ ಯಾಕ ನಗತಿದ್ಲು ಅನ್ನೋದು ಆವಾಗ ತಿಳೀತು. ಮತ್ತ ಅಕಿ ಹೇಳಿದಂಗ ಮ್ಯಾಲ ಕೆಂಪನ್ನ ಎಳೆಲಿ ಕಂಡ ಕೂಡಲೇ ಚಿವುಟಿ ಹಾಕತಿದ್ದೆ. ಒಂದೂ ಬಿಡಲಿಲ್ಲ.

ಬಾಜೂ ಮನಿ ಮರೆವ್ವ ಒಂದ ದಿನ ನಿಂತು, ಚಿಗುರ ತೋರಿಸಿ ಏನೋ ಕೇಳಿದ್ಲು. "ಹೂಂ" ಅಂದೆ. ಮತ್ತ ಕೇಳಿದ್ಲು. "ನಿನ್ನ ಕೆಲಸಾ ನೀ ನೋಡ್ಕೊ!" ಅಂತ ಒದರಿದೆ. ಪಾಪ, ಹೆದರಿ ಹೋದ್ಲು.

ಮ್ಯಾಲಿನ ಟೊಂಗಿ ಸೊರಗಿ ಒಣಗಿತು. ಆದ್ರ ಬುಡದಾಗಿಂದ ಒಂದ ಹಚ್ಚನ್ನ ಟೊಂಗಿ ಎದ್ದು ಸೊಂಟದ ಮಟಾ ಬೆಳೀತು. ಅದರ ಎಲಿ ಮೊದಲಿಂದಲೂ ಹಸರ, ಬಲತದ್ದು ಅಂತ ತಿಳದು ಮುಟ್ಟಲಿಲ್ಲ. ನಮ್ಮ ಗಿಡಾ ಹೊಸಾ ಜೀವಾ ತಗೊಂಡೈತಿ ಅಂತ ಖುಷಿಲೆ ಕುಣದೆ. ಮಗ್ಗಿ ಬಂದ್ವು. ಇಬ್ಬರ ಕುಣಿ ಮ್ಯಾಲೂ ಒಂದೊಂದ ಇಡೂಣು ಅಂತ ದಿನಾ ಎಣಸತಿದ್ದೆ.

ಹೂ ಅರಳಿದ್ವು. ಬೆಳ್ಳಗ, ಬಟನ್ನಿನಷ್ಟ, ಐದ ಪಕಳಿದ್ದು. ಬೇಲಿ ಹೂ.

ಓಡಿ ಹೋಗಿ ಹೊಳೆಪ್ಪನ್ನ ಕರಕೊಂಡ ಬಂದೆ. ಅಂವ ಮೊಣಕಾಲೂರಿ ಬುಡಾ ನೋಡಿದ, ಒಣಗಿದ ಮೋಟ ನೋಡಿದ, ನನ್ನ ನೋಡಿದ. "ಎಳೆಲಿ ಚಿವುಟು ಅಂತ ಸಾವಂತ್ರಿನ ಹೇಳಿದ್ಲು" ಅಂದೆ. ಅಂವ ತಲಿ ಬಡಕೊಂಡ. ಏನೇನೋ ಒದರಿದ, ನನಗ ತಿಳೀಲಿಲ್ಲ. ಕಡೀಕ ಆ ಹಸರ ಟೊಂಗಿದೊಂದ ಎಲಿ ಕಿತ್ತು, ಕಡ್ಡಿಗೆ ಹತ್ತಿದ ಪುಟ್ಟ ಎಲಿ ಒಂದೊಂದ ಎಣಿಸಿದ. ಏಳು. ಮೋಟಿನಾಗ ಉಳದ ಒಣಗಿದ ಎಲಿ ತೋರಿಸಿದ. ಐದು. ಆಮ್ಯಾಲ ಸಾವಕಾಶ ಹೇಳಿದ, ಬಾಯಿ ನೋಡಿ ತಿಳಕೊಂಡೆ: ಐದೆಲಿದು ನಮ್ಮ ಗುಲಾಬಿ. ಏಳೆಲಿದು ಬುಡದ ಕಾಡಗಿಡಾ, ಅದು ಎದ್ದರ ಮ್ಯಾಲಿಂದನ್ನ ಕೊಲ್ಲತೈತಿ, ಕಂಡ ಕೂಡಲೇ ಚಿವುಟಬೇಕು. ಅಕಿ ಅಂದದ್ದು ಎಳೆಲಿ ಅಲ್ಲ, ಏಳೆಲಿ. "ಇನ್ನೊಂದ ಕಣ್ಣ ಕೊಡೋ ಮಾರಾಯ" ಅಂದೆ. ಬಂಗ್ಲೆದ ಗಿಡಕ್ಕ ಗೆದ್ದಲ ಹತ್ತಿ ಹೋಗಿ ನಾಕ ತಿಂಗಳಾಗಿತ್ತು. ಅದರದ ಅಂತ ಉಳದದ್ದು ಇದೊಂದ ಇತ್ತು.

ನನಗ ಇನ್ನೂ ತಿಳೀಲಿಲ್ಲ ಅನಿಸಿ ಹೊಳೆಪ್ಪ ಕೈ ಎತ್ತಿ ತೋರಿಸಿದ. ಒಂದ ಕೈದು ಐದೂ ಬೆರಳ, ಇನ್ನೊಂದರದು ಎರಡ.

ಅಲ್ಲೇ ಕಟ್ಟಿ ಮ್ಯಾಲ ಕುಂತೆ. ಸಾವಂತ್ರಿ ಅವತ್ತ ಕೈ ಎತ್ತಿದ್ದು ಹಿಡಕೋ ಅಂತಲ್ಲ. ಮಿಲ್ಲಿನಾಗ ಮುಕಾದಮ ಎತ್ತತಾನಲ್ಲ, ಹಂಗ ಏಳು ಅಂತ ತೋರಿಸಾಕ ಎತ್ತಿದ್ಲು. ಬೆರಳ ನೋಡಿ ಓಡೋದ್ರಾಗ ಎಲ್ಲಾರಕಿಂತ ಚುರುಕ ಇದ್ದಾಂವ ನಾ, ಅಕಿ ಬೆರಳ ಬಿಚ್ಚಾಕೂ ಬಿಡದ ಮುಚ್ಚಿ ಹಿಡಕೊಂಡಿದ್ದೆ.

ಮರುದಿನ ಆ ಬಿಳೇ ಹೂವಾ ಕಿತ್ತು ಇಬ್ಬರ ಕುಣಿ ಮ್ಯಾಲೂ ಇಟ್ಟೆ. ಬ್ಯಾರೇ ಹೂ ಎಲ್ಲಿಂದ ತರಲಿ? ಕುಂತು ಅತ್ತೆ. ಮಂದಿ ಕೇಳಿದ್ರ ಕೇಳಲಿ ಅಂತ ಗಟ್ಟಿ ದನಿ ತಗದು, "ಸಾವಂತ್ರಿ, ನನಗ ಕಿವಿ ಕೇಳಂಗಿಲ್ಲ" ಅಂತ ಹೇಳಿದೆ. ಮಾತಾಡೂ ಮುಂದ ದಿನಾ ನನ್ನ ಭುಜಾ ಮುಟ್ಟಿ, ಮಾರಿ ತನ್ನ ಕಡೆ ತಿರುಗಿಸಿಕೊಳ್ಳತಿದ್ದಾಕಿ. ಅದು ಅಕಿಗೆ ಮೊದಲಿಂದಲೂ ಗೊತ್ತಿತ್ರಿ.