ಮನೆಯ ಬಾಯಿ

"ಬಿಡಿಸಿ ಹೇಳಮ್ಮ ಅವರಿಗೆ," ಎಂದು ಡಾಕ್ಟರು ಕುರ್ಚಿಗೆ ಒರಗಿದರು. "ಈಗಲೇ ಆಪರೇಷನ್ ಮಾಡಿ ಕಿವಿಯ ಹಿಂದೆ ಆ ಯಂತ್ರ ಕೂರಿಸಿದ್ರೆ ಮಗು ಕೇಳಿಸ್ಕೊಳ್ಳುತ್ತೆ, ಮಾತು ಕಲಿಯುತ್ತೆ, ಎಲ್ಲ ಮಕ್ಕಳ ಜೊತೆ ಶಾಲೆಗೆ ಹೋಗುತ್ತೆ. ತಡ ಆದಷ್ಟೂ ಕಷ್ಟ. ಖರ್ಚೆಲ್ಲ ಟ್ರಸ್ಟಿನವರದು. ಈ ಸಲಕ್ಕೆ ಯಾವ ಯಾವ ಮಕ್ಕಳು ಅಂತ ಇವತ್ತು ಸಂಜೆ ಅವರಿಗೆ ತಿಳಿಸ್ಬೇಕು. ಮುಂದಿನ ಸಲ ಯಾವಾಗ ಅಂತ ನನಗೂ ಗೊತ್ತಿಲ್ಲ. ಬೇಡ ಅಂದ್ರೆ ಈ ಮಗೂನೂ ಇವರ ಹಾಗೇ ಆಗಿಹೋಗುತ್ತೆ ಅಂತ ಅರ್ಥ ಆಗೋ ಹಾಗೆ ಹೇಳು."

ಹುಡುಗಿ ಎರಡೂ ಕೈ ಎತ್ತಿದಳು. ಅಪ್ಪ ಅಮ್ಮ ಇಬ್ಬರ ಕಣ್ಣೂ ಅವಳ ಬೆರಳಿಗೆ ಅಂಟಿಕೊಂಡವು. ಆಪರೇಷನ್, ಯಂತ್ರ, ಶಾಲೆ, ಟ್ರಸ್ಟು, ಸಂಜೆ, ಒಂದನ್ನೂ ಬಿಡದೆ ಕೈಮಾತಿನಲ್ಲಿ ಹೇಳಿದಳು. ಕೊನೆಯ ಮಾತಿಗೆ ಬಂದಾಗ ಮಾತ್ರ ಕೈಗಳು ತಮ್ಮ ಹಳೇ ಚಾಳಿಯನ್ನು ಬಿಡಲಿಲ್ಲ. "ಬೇಡ ಅಂದ್ರೆ ಮುಂದೆ ಪುಟ್ಟನಿಗೆ ಸ್ವಲ್ಪ ತೊಂದರೆ ಆಗಬಹುದಂತೆ," ಎಂದು ಮುಗಿಸಿದಳು.

ಅಪ್ಪ ಮೂಗಿನ ಮೇಲೆ ಎರಡು ಬೆರಳು ಜಾರಿಸಿ, "ಕನ್ನಡಕ ಒಳ್ಳೆಯವನು," ಎಂದ. ಡಾಕ್ಟರಿಗೆ ಅವನಿಟ್ಟ ಹೆಸರು ಅದು. ಅವರ ಮನೆಯಲ್ಲಿ ಎಲ್ಲರಿಗೂ ಹೀಗೇ ಒಂದೊಂದು ಹೆಸರು. ಮನೆ ಮಾಲೀಕ 'ಹೊಟ್ಟೆ'. ಎದುರು ಮನೆಯ ಹೆಂಗಸು 'ಕಿಟಕಿ', ಏಕೆಂದರೆ ಆಕೆ ಸದಾ ಅಲ್ಲೇ ಇರುತ್ತಾಳೆ. ಹುಡುಗಿಯ ಹೆಸರು 'ಬಾಯಿ': ತೋರುಬೆರಳಿನಿಂದ ತುಟಿಯನ್ನು ಒಮ್ಮೆ ಮುಟ್ಟಿದರೆ ಅವಳನ್ನು ಕರೆದ ಹಾಗೆ. ಅಪ್ಪ ಅಮ್ಮ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು. ಅವರ ಹೊಟ್ಟೆಯಲ್ಲಿ ಹುಟ್ಟಿದ ಇವಳಿಗೆ ಸೂಜಿ ಬಿದ್ದರೂ ಕೇಳುತ್ತದೆ. ಅವಳು ಕಾಲೇಜು ಸೇರಿದ ವರ್ಷ, ಇನ್ನು ಮಕ್ಕಳಾಗುವುದಿಲ್ಲ ಎಂದುಕೊಂಡಿದ್ದ ಅಮ್ಮನಿಗೆ ಒಬ್ಬ ಮಗ ಹುಟ್ಟಿದ. ಅವನಿಗೂ ಕಿವಿ ಕೇಳದು; ಅವನು ಅವರ ಪಾಲಿಗೆ ಹುಟ್ಟಿದ.

"ಬೇಡ ಅಂತ ಹೇಳಿಬಿಡು," ಎಂದ ಅಪ್ಪ. "ಆದರೆ ಥ್ಯಾಂಕ್ಸ್ ಅಂತಾನೂ ಹೇಳು."

ಅವಳು ಡಾಕ್ಟರ ಕಡೆ ತಿರುಗಿದಳು. "ಸ್ವಲ್ಪ ಯೋಚನೆ ಮಾಡ್ತಾರಂತೆ, ಸರ್."

"ಊಟ ಮಾಡ್ಕೊಂಡು ಬರ್ತೀನಿ. ಅಷ್ಟರಲ್ಲಿ ಯೋಚನೆ ಮಾಡಿ."

ಹೊರಗೆ ಹಜಾರದ ಬೆಂಚಿನ ಮೇಲೆ ನಾಲ್ವರೂ ಕೂತರು. ಆಯಾ ಒಬ್ಬಳು ತಳ್ಳಿಕೊಂಡು ಬಂದ ಗಾಡಿಯಿಂದ ಸ್ಟೀಲಿನ ತಟ್ಟೆಗಳೆಲ್ಲ ಒಮ್ಮೆಲೇ ಜಾರಿ ನೆಲಕ್ಕೆ ಬಿದ್ದವು. ಹಜಾರದಲ್ಲಿದ್ದವರೆಲ್ಲ ಬೆಚ್ಚಿ ತಿರುಗಿದರು. ಹುಡುಗಿಯೂ ಬೆಚ್ಚಿದಳು. ಅವಳ ಪಕ್ಕದ ಮೂವರು ಮಾತ್ರ ಹಾಗೇ ಕೂತಿದ್ದರು. ಮಗಳು ಯಾಕೆ ಬೆಚ್ಚಿದಳೆಂದು ತಿಳಿಯದೆ ಅಪ್ಪ ನಗುತ್ತಾ ಅವಳ ತಲೆ ಸವರಿದ.

ಹೋದ ವಾರ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ, "ನಿಮ್ಮ ಮನೆಯ ಸಂಸ್ಕೃತಿ ಅಂದ್ರೆ ಏನು, ಹೇಳಿ," ಎಂದಿದ್ದರು. ಒಬ್ಬಳು ಅಜ್ಜಿಯ ಹಾಡು ಎಂದಳು, ಇನ್ನೊಬ್ಬಳು ತಾತನ ಕಥೆ ಎಂದಳು. ಇವಳ ಸರದಿ ಬಂದಾಗ, "ನಮ್ಮನೇಲಿ ಹಾಡಿಲ್ಲ ಮೇಡಂ," ಎಂದುಬಿಟ್ಟಳು. ಕ್ಲಾಸೆಲ್ಲ ನಕ್ಕಿತು. ಇವಳೂ ನಕ್ಕು ಕೂತಳು. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಹೇಳಬೇಕಾಗಿದ್ದೆಲ್ಲ ಒಂದೊಂದಾಗಿ ತಲೆಗೆ ಹೊಳೆಯಿತು. ತಮ್ಮ ಮನೆಯಲ್ಲಿ ಯಾರನ್ನಾದರೂ ಕರೆಯಬೇಕೆಂದರೆ ಕಾಲಿನಿಂದ ನೆಲ ಗುದ್ದುತ್ತಾರೆ. ಜಗಳವಾದರೆ ಲೈಟು ಆರಿಸಿದವರೇ ಗೆದ್ದ ಹಾಗೆ, ಆಮೇಲೆ ಯಾರೂ ಏನೂ ಹೇಳುವಂತಿಲ್ಲ. ಅಪ್ಪ ಊಟಕ್ಕೆ ಕೂತರೆ ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಕಾರ್ಖಾನೆಯ ಇಡೀ ದಿನವನ್ನು ಆಡಿ ತೋರಿಸುತ್ತಾನೆ. ಹೊಟ್ಟೆಯ ನಡಿಗೆ ಮಾಡಿದರೆ ಅಮ್ಮ ಉಸಿರುಗಟ್ಟಿ ನಗುತ್ತಾಳೆ. ಇದಕ್ಕಿಂತ ಗಲಾಟೆಯ ಮನೆ ಆ ಬೀದಿಯಲ್ಲಿ ಇರಲಿಲ್ಲ.

ಅದೆಲ್ಲ ಪುಟ್ಟನಿಗೂ ಬೇಕು. ಆದರೆ ಬರೀ ಅದಷ್ಟೇ ಸಾಕೇ? ಅವಳಿಗೆ ಸ್ವಾರ್ಥವೂ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಮನೆಯಲ್ಲಿ ಒಬ್ಬರಾದರೂ ಇನ್ನೊಂದು ಕೋಣೆಯಿಂದ 'ಅಕ್ಕಾ' ಎಂದು ಕೂಗಬೇಕು ಎಂಬ ಆಸೆ ಅವಳನ್ನು ಈ ಹನ್ನೊಂದು ತಿಂಗಳು ಕಾಡಿತ್ತು. ಆಸ್ಪತ್ರೆಗೆ ಅಲೆದವಳೂ ಅವಳೇ, ಟ್ರಸ್ಟಿನವರ ಕಾಲು ಹಿಡಿದವಳೂ ಅವಳೇ.

"ಅಪ್ಪಾ, ಯಾಕೆ ಬೇಡ ಅಂತೀಯ?" ಎಂದು ಕೇಳಿದಳು.

ಮರದ ಪಾಲಿಷಿನ ಕಂದು ಬಣ್ಣ ಉಗುರಿನ ಸಂದಿಯಲ್ಲಿ ನಿಂತುಹೋಗಿದ್ದ ಕೈಗಳನ್ನು ಅಪ್ಪ ನಿಧಾನವಾಗಿ ಎತ್ತಿದ. "ಕೂಸಿನ ತಲೆಗೆ ಚಾಕು ಹಾಕಿಸ್ಬೇಕು ಅಂದ್ರೆ ಅಂಥ ಕಷ್ಟ ಏನಾದ್ರೂ ಇರಬೇಕು. ನನಗೇನು ಕಡಿಮೆ ಆಗಿದೆ, ಹೇಳು? ಹೊಟ್ಟೆ ನಮಗೆ ಮನೆ ಕೊಟ್ಟ. ಇಂಥ ಸದ್ದಿಲ್ಲದ ಸಂಸಾರ ಸಿಗೋದು ನನ್ನ ಅದೃಷ್ಟ ಅಂದ. ನಮ್ಮ ಕಾರ್ಖಾನೆ ಯಜಮಾನ, ನಿನ್ನಂಥ ಕೈ ಇನ್ನೊಂದಿಲ್ಲ ಅಂದ. ನಿನ್ನ ಹೆಡ್‌ಮಿಸ್ಸು, ಇಂಥ ಮಗಳನ್ನ ಬೆಳೆಸಿದ್ದೀರಲ್ಲ ಅಂತ ನನ್ನ ಕೈ ಕುಲುಕಿದಳು. ಜನ ಒಳ್ಳೆಯವರು. ಕಿವಿ ಕೇಳದವನನ್ನ ಈ ಊರು ಯಾವತ್ತಾದ್ರೂ ಕೀಳಾಗಿ ಕಂಡಿದೆಯಾ? ನೀನೇ ಹೇಳು, ನಿನಗೇ ತಾನೆ ಎಲ್ಲ ಗೊತ್ತು."



ಮನೆ ಮಾಲೀಕ ಅಂದಿದ್ದು ಬೇರೆ. "ಮೂಗರಿಗೆ ಮನೆ ಕೊಟ್ರೆ ಬೆಂಕಿ ಬಿದ್ರೂ ಕಿರುಚೋರಿಲ್ಲ. ಆದ್ರೆ ಏನ್ಮಾಡ್ಲಿ, ಆ ಮನೆಗೆ ಬೇರೆ ಯಾರೂ ಬರ್ತಿಲ್ಲ." ಆಗ ಅವಳಿನ್ನೂ ಹಲ್ಲು ಬಿದ್ದ ಹುಡುಗಿ. ಅಪ್ಪ ಆಸೆಗಣ್ಣಿನಿಂದ, ಏನಂದ, ಏನಂದ ಎಂದು ಕೇಳುತ್ತಿದ್ದ. ಅವಳಿಗೆ ಹೇಳಲು ಮನಸ್ಸಾಗಲಿಲ್ಲ. ಅಂದಿನಿಂದ ಶುರುವಾಯಿತು. ಕಾರ್ಖಾನೆಯ ಯಜಮಾನ, "ಕೇಳಲ್ಲ, ತಿರುಗಿ ಮಾತಾಡಲ್ಲ, ಎತ್ತಿನ ಹಾಗೆ ದುಡೀತಾನೆ, ಇಂಥವರು ಇನ್ನಿಬ್ಬರಿದ್ರೆ ಕಳಿಸು," ಎಂದಿದ್ದ. ಹೆಡ್‌ಮಿಸ್ಸು ಕೈ ಕುಲುಕುತ್ತಲೇ, "ಇನ್ನು ಮುಂದೆ ಮೀಟಿಂಗಿಗೆ ಬೇರೆ ಯಾರನ್ನಾದ್ರೂ ಕರ್ಕೊಂಡ್ ಬಾ, ಇವರ ಹತ್ರ ಏನು ಮಾತಾಡೋದು?" ಎಂದಿದ್ದರು. ಬೀದಿಯ ಕಹಿಯನ್ನೆಲ್ಲ ತಾನು ನುಂಗಿ, ಮನೆಗೆ ಸಿಹಿಯನ್ನಷ್ಟೇ ಹಂಚುತ್ತಾ ಬಂದಿದ್ದಳು. ಅಪ್ಪನ ಮುಖ ಅರಳುವುದನ್ನು ನೋಡುವ ಆಸೆ ಅಷ್ಟೇ. ಅದು ಹೀಗೆ ಬೆಳೆದು ಅವನ ನಂಬಿಕೆಯಾಗಿ ನಿಲ್ಲುತ್ತದೆ, ತಮ್ಮನ ಕಿವಿಗೇ ಅಡ್ಡ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಡಾಕ್ಟರು ಊಟ ಮುಗಿಸಿ ಬರುವಷ್ಟರಲ್ಲಿ ಹೇಳಬೇಕು. ಹೇಳಿದರೆ ಅಪ್ಪ ಕುಗ್ಗಿಹೋಗುತ್ತಾನೆ. ಹೇಳದಿದ್ದರೆ ಪುಟ್ಟನಿಗೆ ಇನ್ನೆಂದೂ ಇಲ್ಲ. ಅವಳು ಕಣ್ಣು ಮುಚ್ಚಿ ತೆರೆದು ಕೈ ಎತ್ತಿದಳು.

"ಅಪ್ಪಾ, ಅವರ್ಯಾರೂ ಹಾಗೆ ಅಂದಿರಲಿಲ್ಲ. ನಾನೇ ಬದಲಾಯಿಸಿ ಹೇಳ್ತಿದ್ದೆ."

ಅಪ್ಪ ನಕ್ಕ. ಅವಳು ನಗಲಿಲ್ಲ. ಹೊಟ್ಟೆಯ ಮಾತನ್ನು ಅವನಂದ ಹಾಗೇ ಹೇಳಿದಳು. ಯಜಮಾನನ ಎತ್ತನ್ನು ಹೇಳಿದಳು. ಹೆಡ್‌ಮಿಸ್ಸಿನ ಮಾತು ಹೇಳುವಾಗ ಬೆರಳುಗಳು ಒಮ್ಮೆ ಅರ್ಧಕ್ಕೇ ನಿಂತು ಮುಂದುವರಿದವು. 'ಮೂಗ' ಎನ್ನುವುದಕ್ಕೆ ಬೀದಿಯ ಹುಡುಗರು ಮಾಡುವ ಅಸಹ್ಯದ ಸನ್ನೆಯೊಂದಿದೆ. ಅದನ್ನು ಅವಳ ಕೈ ಎಂದೂ ಮಾಡಿರಲಿಲ್ಲ, ಇಂದು ಅಪ್ಪನ ಮುಖದೆದುರೇ ಮಾಡಿತು.

ಅಪ್ಪನ ಮುಖದಿಂದ ನಗು ಇಳಿಯಿತು. ಅವಳು ಅಳುವನ್ನು ನಿರೀಕ್ಷಿಸಿದ್ದಳು, ಬೈಗುಳವನ್ನು ನಿರೀಕ್ಷಿಸಿದ್ದಳು.

"ಈ ಆಪರೇಷನ್ ನಿನಗೆ ಅಷ್ಟೊಂದು ಬೇಕಾ?" ಎಂದ ಅಪ್ಪ. "ಅದಕ್ಕೋಸ್ಕರ ಒಳ್ಳೇ ಜನರ ಮೇಲೆ ಸುಳ್ಳು ಹೇಳ್ತೀಯಾ? ನಮ್ಮ ಬಾಯಿ ಯಾವತ್ತೂ ಸುಳ್ಳು ಹೇಳಿದ್ದಿಲ್ಲ."

"ಇಲ್ಲಪ್ಪ, ಇದೇ ನಿಜ. ಅವೆಲ್ಲ ಸುಳ್ಳು!"

"ಹಾಗಾದ್ರೆ ಸುಳ್ಳು ಹೇಳೋಳು ಈಗ ನಿಜ ಹೇಳ್ತಿದ್ದಾಳೆ ಅಂತ ನಾನು ಹ್ಯಾಗೆ ನಂಬಲಿ?" ಅಪ್ಪ ಕೈಗಳನ್ನು ತೊಡೆಯ ಮೇಲೆ ಇಟ್ಟುಬಿಟ್ಟ. ಅವರಲ್ಲಿ ಅದು ಬಾಗಿಲು ಹಾಕಿಕೊಂಡ ಹಾಗೆ.

ಹುಡುಗಿ ಅಮ್ಮನ ಕಡೆ ತಿರುಗಿದಳು. ಅಮ್ಮನಿಗೆ ಗೊತ್ತಿತ್ತು. ಅಂಗಡಿಯವನ ಮೂತಿ, ಬಸ್ಸಿನ ಹೆಂಗಸರ ಹುಬ್ಬು, ಎಲ್ಲವನ್ನೂ ಅಮ್ಮ ಓದಿಕೊಳ್ಳುತ್ತಾಳೆ. ಮಗಳ ಬೆರಳು ಒಂದು ಹೇಳಿ ಎದುರಿನ ಮುಖ ಇನ್ನೊಂದು ಹೇಳಿದಾಗ ಅವಳು ಎಷ್ಟೋ ಸಲ ತಲೆ ತಗ್ಗಿಸಿದ್ದುಂಟು. ಒಂದು ಮಾತು ಹೇಳಮ್ಮ ಎಂದು ಹುಡುಗಿ ಕಣ್ಣಿನಲ್ಲೇ ಬೇಡಿಕೊಂಡಳು. ಅಮ್ಮ ಪುಟ್ಟನನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು ಕೂತಿದ್ದಳು. ಮಗು ಕೈಯಲ್ಲಿದ್ದರೆ ಆ ಮನೆಯ ಹೆಂಗಸಿಗೆ ಮಾತಿಲ್ಲ. ಪಕ್ಕದಲ್ಲಿ ಕೂರಿಸಬಹುದಾಗಿತ್ತು, ಕೂರಿಸಲಿಲ್ಲ.

ಹುಡುಗಿಗೆ ಸಿಟ್ಟು ನೆತ್ತಿಗೇರಿತು. "ಹೇಳಮ್ಮಾ!" ಎಂದು ಬಾಯಿಬಿಟ್ಟೇ ಕಿರುಚಿದಳು. ಹಜಾರದವರೆಲ್ಲ ತಿರುಗಿ ನೋಡಿದರು. ಯಾರಿಗೆ ಕೇಳಬೇಕಿತ್ತೋ ಅವರಿಗೆ ಕೇಳಲಿಲ್ಲ.

ಆದರೂ ಮಗಳ ಕುತ್ತಿಗೆಯ ನರ ಉಬ್ಬಿದ್ದನ್ನು ಅಮ್ಮ ಕಂಡಿರಬೇಕು. ಎದ್ದು ಬಂದು ಪುಟ್ಟನನ್ನು ಅವಳ ತೋಳಿಗೆ ಹಾಕಿದಳು. ಹನ್ನೊಂದು ತಿಂಗಳ ಗುಂಡುಕಲ್ಲು. ಹಿಡಿದುಕೊಳ್ಳಲು ಹುಡುಗಿಗೆ ಎರಡೂ ಕೈ ಬೇಕಾಯಿತು. ಆಗ ಅಮ್ಮ ಅವಳ ಮುಂದೆ ಮೊಣಕಾಲೂರಿ ಕೂತು ಮಾತಾಡಿದಳು.

"ನಿನಗೆ ಕೇಳುತ್ತೆ ಅಂತ ಗೊತ್ತಾದ ದಿನ ನಾವು ಕುಣಿದಾಡಿದ್ವಿ. ನಿನಗೆ ಮಾತು ಬರಲಿ ಅಂತ ಹಳೇ ಬೀದಿಯ ಪಕ್ಕದ ಮನೆಯವಳ ಹತ್ರ ದಿನವಿಡೀ ಬಿಡ್ತಿದ್ದೆ. ಸಂಜೆ ಕರ್ಕೊಂಡು ಬರೋಕೆ ಹೋದ್ರೆ ಅವಳ ಸೊಂಟ ಬಿಟ್ಟು ನನ್ನ ಹತ್ರ ಬರ್ತಿರಲಿಲ್ಲ ನೀನು. ಈಗ್ಲೂ ಫೋನು ಬಂದ್ರೆ ನಗ್ತಾ ಆಚೆ ಹೋಗ್ತೀಯ. ನೀನು ಯಾಕೆ ನಗ್ತೀಯ ಅಂತ ನನಗೆ ಯಾವತ್ತೂ ಗೊತ್ತಾಗಿಲ್ಲ. ನಿನ್ನನ್ನ ಕಿವಿ ಕೇಳೋರಿಗೆ ಕೊಟ್ಟೆ. ಇವನೊಬ್ಬನನ್ನ ನನಗೆ ಬಿಡು."

ಉತ್ತರಗಳಿದ್ದವು. ನಾನು ಎಲ್ಲಿಗೂ ಹೋಗಿಲ್ಲಮ್ಮ ಎನ್ನಬೇಕಿತ್ತು. ಇವನು ನಿನ್ನವನೇ ಆಗಿರುತ್ತಾನೆ, ಎರಡೂ ಮಾತು ಕಲಿಯುತ್ತಾನೆ ಎನ್ನಬೇಕಿತ್ತು. ಆದರೆ ತೋಳಲ್ಲಿ ಮಗುವಿತ್ತು. ಅಮ್ಮ ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಜೊತೆಗೆ, ಆ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಹುಡುಗಿ ಕಣ್ಣೀರು ಒರೆಸಿಕೊಳ್ಳಲೂ ಆಗದೆ ಕೂತಳು. ಪುಟ್ಟ ಅವಳ ಗಲ್ಲದ ಮೇಲೆ ಇಳಿಯುತ್ತಿದ್ದ ಹನಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

ಡಾಕ್ಟರು ಕರ್ಚೀಫಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಎಲ್ಲರೂ ಹಿಂದೆಯೇ ಒಳಗೆ ಹೋದರು. "ಏನಂತಾರೆ?"

ಅಪ್ಪ ಮುಂದೆ ಬಂದು, ಯಾರಿಗೂ ಅನುಮಾನ ಉಳಿಯದ ಹಾಗೆ ಅಂಗೈಯನ್ನು ಅಡ್ಡಡ್ಡ ಆಡಿಸಿದ. ಅದನ್ನು ತಿಳಿಯಲು ಕೈಮಾತು ಬರಬೇಕಾಗಿರಲಿಲ್ಲ. ಆದರೂ ಡಾಕ್ಟರು ಅವಳನ್ನೇ ನೋಡುತ್ತಿದ್ದರು. ಆ ಕೋಣೆಯಲ್ಲಿ ಅದನ್ನು ಮಾತಾಗಿ ಆಡಬಲ್ಲವಳು ಅವಳೊಬ್ಬಳೇ. ಈ ಒಂದು ಸಲ 'ಹೂಂ, ಒಪ್ಪಿದ್ದಾರೆ' ಎಂದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ಅದರ ಮರುಗಳಿಗೆ ಏನು?

"ಬೇಡವಂತೆ, ಸರ್," ಎಂದಳು.

"ಸರಿಯಾಗಿ ಹೇಳಿದ್ಯೇನಮ್ಮ ನೀನು?"

"ಎಲ್ಲಾ ಹೇಳಿದೀನಿ, ಸರ್."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲೆ ಹಾಕಿದರು. ಅವರು ಕೆಟ್ಟವರಲ್ಲ, ಆ ಪಟ್ಟಿಯಲ್ಲಿ ಈ ಮಗುವಿಗೊಂದು ಜಾಗ ಹಿಡಿಯಲು ಎಷ್ಟೋ ಜನರ ಹತ್ತಿರ ಮಾತಾಡಿದ್ದರು. ಈಗ ಅವರಿಗೂ ಹೊಟ್ಟೆ ಉರಿದಿರಬೇಕು. ಪಕ್ಕದ ನರ್ಸಿನ ಕಡೆ ತಿರುಗಿ, "ಏನು ಪಾಪ ಮಾಡಿತ್ತೋ ಈ ಮಗು, ಇಂಥವರ ಹೊಟ್ಟೇಲಿ ಹುಟ್ಟೋಕೆ," ಎಂದರು.

ಅಪ್ಪ ಅವರ ತುಟಿ ಆಡಿದ್ದನ್ನು ನೋಡಿದ. ಮಗಳ ತೋಳು ತಟ್ಟಿ, "ಏನಂದ?" ಎಂದು ಕೇಳಿದ. ಹಜಾರದ ಸಿಟ್ಟು ಅವನ ಮುಖದಲ್ಲಿ ಇರಲಿಲ್ಲ. ಹಿಂದಿನ ಹಾಗೇ ಅದೇ ಆಸೆಗಣ್ಣು.

ನಿಜ ಹೇಳಿ ಆಗಿತ್ತು. ಅದರಿಂದ ಏನೂ ಆಗಿರಲಿಲ್ಲ. ಹುಡುಗಿ ಪುಟ್ಟನನ್ನು ಎಡಗಡೆಯ ಸೊಂಟಕ್ಕೆ ಸರಿಸಿ ಬಲಗೈ ಬಿಡಿಸಿಕೊಂಡಳು. ಬೆರಳುಗಳನ್ನು ಎದೆಗೆ ಮುಟ್ಟಿಸಿ, ಮಗುವಿನ ಕಡೆಗೆ ಹೂವಿನ ಹಾಗೆ ಬಿಡಿಸಿದಳು.

"ಒಳ್ಳೇದಾಗಲಿ ಅಂದ್ರು."

ಅಪ್ಪನ ಮುಖ ಊರಗಲವಾಯಿತು. ನೋಡಿದೆಯಾ ಎನ್ನುವಂತೆ ಅವಳ ಬೆನ್ನು ತಟ್ಟಿದ. ಅಷ್ಟರಲ್ಲಿ ಅಮ್ಮ ಅವನ ಅಂಗಿ ಜಗ್ಗಿ ಪುಟ್ಟನನ್ನು ತೋರಿಸಿದಳು. ಅಕ್ಕನ ಬೆರಳನ್ನೇ ರೆಪ್ಪೆ ಹೊಡೆಯದೆ ನೋಡುತ್ತಿದ್ದ ಪುಟ್ಟ, ತನ್ನ ಗುಂಡು ಕೈಯನ್ನು ಎದೆಗೊಮ್ಮೆ ಬಡಿದುಕೊಂಡು, ಎಲ್ಲ ಬೆರಳನ್ನೂ ಒಟ್ಟಿಗೆ ಬಿಡಿಸಿದ. ಇನ್ನೊಮ್ಮೆ ಬಡಿದುಕೊಂಡು ಬಿಡಿಸಿದ. ಅದು ಅವನ ಮೊದಲ ಮಾತು. ಅಪ್ಪ ಸಂತೋಷಕ್ಕೆ ಮೇಜನ್ನು ಗುದ್ದಿದ. ಡಾಕ್ಟರು ಬೆಚ್ಚಿ ತಲೆ ಎತ್ತಿದರು. ಮಗು ಅವರ ಕಡೆಗೂ ಕೈ ಚಾಚಿ, ಮತ್ತೆ ಅದನ್ನೇ ಹೇಳಿತು.

"ಏನಂತಿದೆ?" ಎಂದು ಡಾಕ್ಟರು ಹುಡುಗಿಯನ್ನು ಕೇಳಿದರು.