ಏನೂ ಬೆಳೆದಿಲ್ಲ

ಚಳಿ ಬಿಟ್ಟು ಬಿಸಿಲು ಏರುತ್ತಿದ್ದ ಕಾಲ. ಬೆಳಗಿನ ಪಾಳಿಗೆ ಹೊರಟ ಅಳಿಯ ಹೊಸಿಲಲ್ಲೇ ಕುಸಿದು ಕೂತ. ಮೊಣಕಾಲ ಕೆಳಗಿನ ಗಾಯ ಮತ್ತೆ ಬಾಯಿ ಬಿಟ್ಟಿತ್ತು. ಕಾರ್ಖಾನೆಯಲ್ಲಿ ಕಬ್ಬಿಣದ ತೊಲೆ ಬಿದ್ದು ಮುರಿದ ಕಾಲು ಅದು. ಮೂಳೆ ಕೂಡಿತು, ಕೀವು ನಿಲ್ಲಲಿಲ್ಲ. ಕಾರ್ಖಾನೆ ಡಾಕ್ಟರು ಪ್ರತಿ ಸಲವೂ ಅದೇ ಹಳದಿ ಮಾತ್ರೆ ಕೊಡುತ್ತಿದ್ದರು.

ಮಗಳು ಹಟ ಹಿಡಿದು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ನಾನೂ ಹೋದೆ.

“ಮೂಳೆ ಒಳಗೆ ಬ್ಯಾಕ್ಟೀರಿಯಾ ಕೂತಿದೆ, ಕಣ್ಣಿಗೆ ಕಾಣದ ಹುಳ,” ಅಂದರು ಡಾಕ್ಟರಮ್ಮ. “ಯಾವ ಹುಳ ಅಂತ ಗೊತ್ತಾದ್ರೆ ತಾನೇ ಅದಕ್ಕೆ ತಕ್ಕ ಔಷಧಿ? ಮೇಲಿನ ಕೀವು ನಂಬೋಕಾಗಲ್ಲ, ಅದ್ರಲ್ಲಿ ಚರ್ಮದ ಹುಳಾನೂ ಸೇರಿರುತ್ತೆ. ಮೂಳೆ ಚೂರು ತೆಗೆದು ಅದ್ರಲ್ಲಿರೋ ಹುಳಾನ ಲ್ಯಾಬಲ್ಲಿ ಬೆಳೆಸಿ ನೋಡ್ಬೇಕು. ಅಲ್ಲಿವರೆಗೂ ಮಾತ್ರೆ ಮುಟ್ಟಬೇಡಿ.”

ಹೊರಗೆ ಬಂದ ಅಳಿಯ ನನ್ನ ಮುಖ ನೋಡಿದ. “ಹುಳ ಸಾಯಿಸಿ ಅಂತ ಬಂದ್ರೆ ಸಾಕ್ತೀನಿ ಅಂತಾರಲ್ಲ ಮಾವ!”

ನನಗೂ ಅನುಮಾನವೇ. ಔಷಧಿ ನಿಲ್ಲಿಸು ಅನ್ನೋ ಡಾಕ್ಟರನ್ನು ನಾನು ಕಂಡಿರಲಿಲ್ಲ. ಆದರೂ ನಿಲ್ಲಿಸಿದೆವು. ಅವನು ಆಪರೇಷನ್ನಿಗೆ ಅಂತ ಕಾರ್ಖಾನೆಯ ಸಾಹೇಬರ ಹತ್ತಿರ ರಜೆ ಕೇಳಿದ.

ಆಪರೇಷನ್ನಿಗೆ ಮುಂಚಿನ ಸಂಜೆ ಕಾರ್ಖಾನೆಯ ಕಾಂಪೌಂಡರ್ ಮನೆಗೆ ಬಂದ. ಒಂದು ದಿನವೂ ಇತ್ತ ತಲೆ ಹಾಕದವನು.

“ಸಾಹೇಬ್ರೇ ಕಳಿಸಿದ್ದು. ನೋವಿಗೊಂದು ಇಂಜೆಕ್ಷನ್.”

“ಡಾಕ್ಟರಮ್ಮ ಏನೂ ಬೇಡ ಅಂದಿದಾರೆ,” ಅಂದಳು ಮಗಳು.

“ಅವ್ರು ಬೇಡ ಅಂದಿದ್ದು ಮಾತ್ರೆ ತಾನೇ? ಇದು ಮಾತ್ರೆನಾ ತಾಯಿ?” ಅವನು ನಕ್ಕ.

ಮಾತು ಸರಿ ಅನ್ನಿಸಿತು. ಅಳಿಯ ತೋಳು ಚಾಚಿದ. ಮಾರನೆ ಬೆಳಗ್ಗೆಯೂ ಕಾಂಪೌಂಡರ್ ಬಂದು ಚುಚ್ಚಿ ಹೋದ.

ಆಪರೇಷನ್ನಿನಲ್ಲಿ ತೆಗೆದ ಮೂಳೆ ಚೂರಿನಿಂದ ಏನೂ ಬೆಳೆಯಲಿಲ್ಲ.

“ಹುಳಾನೇ ಇಲ್ವಂತಲ್ಲೋ!” ಅಳಿಯ ರಿಪೋರ್ಟ್ ಒಯ್ದಾಗ ಸಾಹೇಬರು ಕಾರ್ಖಾನೆಯಲ್ಲಿ ಎಲ್ಲರೆದುರು ಹಂಗಿಸಿದರು. “ನಾಟಕ ಸಾಕು. ಆಪರೇಷನ್ ಖರ್ಚು ನಮ್ಮ ತಲೆಗೆ ಕಟ್ಟೋಕೆ ನೋಡಿದ್ಯಾ?”

ಮಗಳು ಹಿತ್ತಲ ಕಸದಿಂದ ಇಂಜೆಕ್ಷನ್ ಶೀಶೆ ಹುಡುಕಿ ಡಾಕ್ಟರಮ್ಮನಿಗೆ ತೋರಿಸಿದಳು. ಅವರು ಶೀಶೆ ತಿರುಗಿಸಿ ಹೆಸರು ಓದಿದರು.

“ಇದು ನೋವಿನದಲ್ಲಮ್ಮ. ಹುಳ ಕೊಲ್ಲೋಕೆ ಹಾಕೋದು. ಸತ್ತಿಲ್ಲ ಅದು, ಮಂಕು ಬಡಿದು ಮಲಗಿದೆ. ಅದಕ್ಕೇ ಬೆಳೀಲಿಲ್ಲ. ಮತ್ತೆ ಮೂಳೆ ತೆಗೀಬೇಕು. ತಡ ಮಾಡಿದ್ರೆ ಕಾಲು ಉಳಿಯಲ್ಲ.”

ಮರುದಿನ ಮಗಳು ಕಾರ್ಖಾನೆ ಗೇಟಿನಲ್ಲಿ ಶೀಶೆ ಎತ್ತಿ ಹಿಡಿದಳು. “ಇದನ್ನ ಇನ್ಯಾರಿಗೆ ಚುಚ್ಚಿದಾರೆ?”

ಕುಲುಮೆಯವನು ಪ್ಯಾಂಟು ಮಡಚಿ ಕಾಲು ತೋರಿಸಿದ. ಅವನ ಹಿಂದೆ ಬೆಸುಗೆಯವನು ತೋಳಿನ ಬಟ್ಟೆ ಬಿಚ್ಚಿದ. ಇಬ್ಬರಿಗೂ ಕೀವು, ಇಬ್ಬರಿಗೂ ಅದೇ ಇಂಜೆಕ್ಷನ್.

ಕಾಂಪೌಂಡರ್ ಶನಿವಾರವೇ ಊರು ಬಿಟ್ಟ. ಸೋಮವಾರ ಬೆಳಗಿನ ಪಾಳಿಯವರು ಒಬ್ಬರೂ ಒಳಗೆ ಕಾಲಿಡಲಿಲ್ಲ. ಅಳಿಯನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಎರಡನೇ ಆಪರೇಷನ್ನಿಗೆ ದೊಡ್ಡಾಸ್ಪತ್ರೆಯತ್ತ ಹೊರಟರು.