ಪೊದೆಯ ಹಿಂದೆ ಮುಳ್ಳುಹಂದಿ

52

ಈ ಕತೆಯನ್ನು ಎಲ್ಲಿಂದ ಹಿಡಿಯಲಿ? ‘ಒಂದಾನೊಂದು ಕಾಡಿನಲ್ಲಿ’ ಎಂದು ಶುರು ಮಾಡಿದರೆ ಅದು ಮಗಳ ಪುಸ್ತಕವಾಗುತ್ತದೆ. ‘ಇವತ್ತು ಮಧ್ಯಾಹ್ನ’ ಎಂದರೆ ನನ್ನ ಡೈರಿಯಾಗುತ್ತದೆ. ಎರಡನ್ನೂ ಬರೆದು ಹೊಡೆದುಹಾಕಿದ್ದೇನೆ. ಸದ್ಯಕ್ಕೆ ಇಷ್ಟು ನಿಜ: ವಾಷಿಂಗ್ ಮೆಷೀನಿಗೆ ಬೆಡ್‌ಶೀಟುಗಳನ್ನು ತುರುಕಿದ್ದೇನೆ, ಅದರ ಹಣೆಯ ಮೇಲೆ 52 ಎಂದು ಕೆಂಪಗೆ ಮೂಡಿದೆ, ಇನ್ನು ಅಷ್ಟು ನಿಮಿಷ ಬಾಕಿ. ಆ ಅಂಕಿ ಸೊನ್ನೆಗಿಳಿಯುವಷ್ಟರಲ್ಲಿ ಕತೆ ಮುಗಿಯಬೇಕು. (ದೊಡ್ಡ ಲೇಖಕರಿಗೆ ಬೆಟ್ಟದ ಮೇಲೆ ಕೋಣೆ ಇರುತ್ತದಂತೆ. ನನಗೆ ಮೆಷೀನಿನ ಪಕ್ಕದ ಸ್ಟೂಲು.)

ಇನ್ನೊಂದು ಮಾತು. ಇದರಲ್ಲಿ ಬರುವ ತಾಯಿಯನ್ನು ‘ಅಮ್ಮ’ ಎಂದೇ ಕರೆಯುತ್ತೇನೆ. ‘ನಾನು’ ಎಂದರೆ ನೀವು ಅಯ್ಯೋ ಪಾಪ ಎನ್ನುತ್ತೀರಿ, ಅದು ಬೇಡ. ಬರೆಯುವವಳು ಬೇರೆ, ಅಮ್ಮ ಬೇರೆ. ಇಬ್ಬರ ಕೈಯಲ್ಲೂ ಒಂದೇ ಸೋಪಿನ ವಾಸನೆ ಬಂದರೆ ಕಂಡೂ ಕಾಣದ ಹಾಗೆ ಇರಿ.

46

ಅಮ್ಮ ಬಟ್ಟೆ ಅಂಗಡಿಯೊಂದಕ್ಕೆ ಪ್ಯಾಂಟುಗಳ ಅಂಚು ಮಡಿಸಿ ಹೊಲಿದುಕೊಡುತ್ತಾಳೆ. ಅಪ್ಪ ಹಡಗಿನಲ್ಲಿ ಅಡುಗೆಯವನು, ಐದು ತಿಂಗಳಿಗೊಮ್ಮೆ ಬರುತ್ತಾನೆ. ಮೂರನೇ ಮಹಡಿಯ ಈ ಎರಡು ಕೋಣೆಗಳಲ್ಲಿ ಉಳಿದವರು ಅಮ್ಮ ಮತ್ತು ಎಂಟು ವರ್ಷದ ಮಗಳು. ನಿಂತಲ್ಲಿ ನಿಲ್ಲದ ಹುಡುಗಿ, ಅದಕ್ಕೇ ಮಿಡತೆ ಎಂದು ಹೆಸರು.

ಇಬ್ಬರ ನಡುವೆ ಒಂದು ಪುಸ್ತಕವಿದೆ. ಬೆನ್ನು ಕಿತ್ತು ಹೋಗಿ, ಅಮ್ಮ ಅದಕ್ಕೆ ಪ್ಯಾಂಟಿನ ದಾರ ಹಾಕಿ ಹೊಲಿದಿದ್ದಾಳೆ. ಅದರ ಕತೆ ಇಷ್ಟು: ಕಾಡಿನಲ್ಲಿ ಬೆಳ್ಳಗಿನ ದೆವ್ವವೊಂದು ಊಂ ಊಂ ಎಂದು ನರಳುತ್ತಾ ಅಲೆಯುತ್ತಿದೆ. ಕರಡಿ, ಮೊಲ, ಬಾತುಕೋಳಿ ಅದನ್ನು ಹಿಡಿಯಲು ಹೊರಡುತ್ತವೆ. ಕಂಡ ಕೂಡಲೇ ಎದ್ದೆವೋ ಬಿದ್ದೆವೋ ಎಂದು ಓಡುತ್ತವೆ. ಅಷ್ಟು ದೊಡ್ಡ ಕರಡಿ ಮೊಲದ ಬೆನ್ನ ಹಿಂದೆ ಅಡಗುತ್ತದೆ. ಬಾತುಕೋಳಿ ಹೆದರಿಕೆಗೆ ಮೊಟ್ಟೆ ಇಟ್ಟುಬಿಟ್ಟು, “ಇದು ನಂದಲ್ಲಪ್ಪ” ಎನ್ನುತ್ತದೆ. ಕೊನೆಗೆ ದೆವ್ವ ಜೋರಾಗಿ ಸೀನುತ್ತದೆ, ಮೈಮೇಲಿನ ಬಟ್ಟೆ ಹಾರಿಹೋಗುತ್ತದೆ, ಒಳಗಿರುವುದು ಕತ್ತೆ! ಒಣಹಾಕಿದ ಬೆಡ್‌ಶೀಟಿನಲ್ಲಿ ಸಿಕ್ಕಿಕೊಂಡು, ಇದನ್ನು ಯಾರಾದರೂ ತೆಗೆಯಿರೋ ಎಂದು ಕೇಳಲು ಎಲ್ಲರ ಹಿಂದೆ ಸುತ್ತುತ್ತಿತ್ತು. ಅದು ಹತ್ತಿರ ಬಂದಷ್ಟೂ ಉಳಿದವರು ದೂರ ಓಡುತ್ತಿದ್ದರು.

(ಇದನ್ನು ಎಷ್ಟು ಸಲ ಓದಿದರೂ ಮೊಟ್ಟೆಯ ಜಾಗದಲ್ಲಿ ನಗು ತಡೆಯಲಾಗುವುದಿಲ್ಲ. ಅಮ್ಮನಿಗೆ, ನನಗಲ್ಲ.)

38

ಮಿಡತೆ ನಾಲ್ಕು ವರ್ಷದವಳಾಗಿದ್ದಾಗ ಐದನೇ ಪುಟಕ್ಕೆ ಬಂದ ತಕ್ಷಣ ಪುಸ್ತಕ ಮುಚ್ಚುತ್ತಿದ್ದಳು. ಮರಗಳ ಸಂದಿಯಲ್ಲಿ ದೆವ್ವ ಮೊದಲು ಕಾಣುವ ಪುಟ ಅದು. ಆಗ ಅಮ್ಮ, ಅವಳಿಗಿಂತಲೂ ಪುಕ್ಕಲನೊಬ್ಬನನ್ನು ಕತೆಗೆ ಸೇರಿಸಿದಳು. ಒಂದು ಮುಳ್ಳುಹಂದಿ. ಮೂಗಿನಲ್ಲಿ ಮಾತಾಡುವವನು. “ನಾನೇನ್ ಹೆದರ್ಕೊಂಡಿಲ್ಲ, ಮುಳ್ಳು ತಾನಾಗೇ ಎದ್ದಿದೆ!” ಎನ್ನುವವನು. ಎಲ್ಲರೂ ಓಡಿದ ಮೇಲೆ ಹಿಂದುಳಿದು, “ಇರ್ರೋ, ನಾನೂ ಬರ್ತೀನಿ, ನನ್ನೊಬ್ಬನ್ನೇ ಬಿಟ್ಟು ಹೋಗ್ಬೇಡ್ರೋ” ಎಂದು ಕೂಗುವವನು.

“ಎಲ್ಲಿದಾನೆ? ಕಾಣಲ್ವಲ್ಲ?”

“ಪೊದೆ ಹಿಂದೆ ಇದಾನೆ, ಪುಟ್ಟ. ನಾಚ್ಕೆ ಅವನಿಗೆ.”

ಅದೃಷ್ಟಕ್ಕೆ, ಚಿತ್ರ ಬರೆದವರು ಪ್ರತಿ ಪುಟದಲ್ಲೂ ಒಂದು ಪೊದೆ ಬಿಡಿಸಿದ್ದರು.

31

ಇಲ್ಲಿಂದ ಕತೆ ಹಾಳಾಗುತ್ತದೆ. ಮಿಡತೆ ಓದಲು ಕಲಿತಳು. ಅಮ್ಮ ಓದಿ ಹೇಳುವುದು ನಿಂತುಹೋಯಿತು. ನಿಂತದ್ದು ಯಾವ ದಿನ ಎಂದು ಅಮ್ಮನಿಗೆ ಗೊತ್ತಿಲ್ಲ. ಕೊನೆಯ ಸಲ ಎನ್ನುವುದು ಹೇಳಿ ಬರುವುದಿಲ್ಲ ನೋಡಿ. ಅಂದಿನಿಂದ ಮುಳ್ಳುಹಂದಿ ಮಾತಾಡಿಲ್ಲ. ನಿಜ ಹೇಳಬೇಕೆಂದರೆ, ಅಮ್ಮನೂ ಅಷ್ಟು ಜೋರಾಗಿ ಯಾರ ಹತ್ತಿರವೂ ಮಾತಾಡಿಲ್ಲ.

ನಾಳೆ ಕ್ಲಾಸಿನಲ್ಲಿ ತನಗಿಷ್ಟವಾದ ಪುಸ್ತಕ ಓದಲು ಮಿಡತೆಯ ಸರದಿ. ಎಷ್ಟೋ ದಿನಗಳ ಮೇಲೆ ಇವತ್ತು ಸ್ಕೂಲಿನಿಂದ ಬಂದವಳೇ ಹಳೆಯ ಪುಸ್ತಕ ಹುಡುಕಿಕೊಂಡು ಕೋಣೆ ಸೇರಿದಳು. ಒಳಗಿನಿಂದ ಒಂದು ಸಲ ನಗು ಕೇಳಿಸಿತು. ಮೊಟ್ಟೆ, ಎಂದುಕೊಂಡಳು ಅಮ್ಮ. ಆಮೇಲೆ ಬರೀ ಪುಟ ಮಗುಚುವ ಸದ್ದು. ಮುಂದಕ್ಕೆ. ಹಿಂದಕ್ಕೆ. ಮತ್ತೆ ಮುಂದಕ್ಕೆ.

30

“ಅಮ್ಮಾ, ಮುಳ್ಳುಹಂದಿ ಎಲ್ಲಿ?”

ಅಮ್ಮ ಶೀಟುಗಳನ್ನು ಮೆಷೀನಿಗೆ ಹಾಕುತ್ತಿದ್ದಳು.

“ಅದು… ಪೊದೆ ಹಿಂದೆ.”

“ಚಿತ್ರ ಬಿಡು. ಅಕ್ಷರದಲ್ಲಿ ಎಲ್ಲಿ? ಬೆರಳಿಟ್ಟು ಓದಿದೆ. ಒಂದ್ಕಡೆನೂ ಇಲ್ಲ.”

“ಇಲ್ಲ ಕಣೇ. ನಾನೇ ಸೇರಿಸಿದ್ದು.”

“ಎಲ್ಲಾನೂ?”

“ಅವನದಷ್ಟೇ.”

ಮಿಡತೆ ಮಿಸುಕದೆ ನಿಂತಳು. “ಇದರಲ್ಲಿ ಮುಳ್ಳುಹಂದಿನೇ ಬೆಸ್ಟು ಅಂತ ಕ್ಲಾಸಲ್ಲಿ ಹೇಳಿದ್ದೆ. ಕನ್ನಡಕದ ಹುಡುಗಿ ಮನೇಲೂ ಇದೇ ಪುಸ್ತಕ ಇದೆಯಂತೆ. ಅದರಲ್ಲಿ ಮುಳ್ಳುಹಂದಿ ಇಲ್ಲ ಅಂದಳು. ನಾನು ಜಗಳ ಆಡಿದೆ ಅಮ್ಮಾ. ಎಲ್ಲರೂ ಸುಳ್ಳಿ ಅಂದ್ರು.”

“ಅಯ್ಯೋ ಕಂದಾ…”

“ಸುಳ್ಳಿ ನಾನಲ್ಲ. ನೀನು.”

ಬಾಗಿಲು ಮುಚ್ಚಿಕೊಂಡಿತು. ದಡಾರ್ ಎಂದಿದ್ದರೆ ಅಮ್ಮನಿಗೆ ಬೈಯುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು. ಮೆಲ್ಲಗೆ ಮುಚ್ಚಿತು. ಅಮ್ಮ ಮೆಷೀನಿನ ಗುಂಡಿ ಒತ್ತಿದಳು, 52 ಮೂಡಿತು, ನಾನು ಪೆನ್ನು ಹಿಡಿದೆ.

(ಸಿಕ್ಕಿಬಿದ್ದೆ. ಮುಂದೆ ಓದಿ.)

19

ಅಂತ್ಯ ಒಂದು: ಅಮ್ಮ ಕ್ಷಮೆ ಕೇಳುತ್ತಾಳೆ, ಮಗಳು ಓಡಿ ಬಂದು ತಬ್ಬಿಕೊಳ್ಳುತ್ತಾಳೆ. ಹೊಡೆದುಹಾಕಿದೆ. ಇದು ಬಿಸ್ಕತ್ತಿನ ಜಾಹೀರಾತು.

ಅಂತ್ಯ ಎರಡು: ಅಮ್ಮ ಪೆನ್ಸಿಲ್ ತೆಗೆದುಕೊಂಡು ಪ್ರತಿ ಪೊದೆಯ ಹಿಂದೆ ನಾಲ್ಕು ಮುಳ್ಳು ಬಿಡಿಸುತ್ತಾಳೆ. ನಾಳೆ ಕ್ಲಾಸಿನಲ್ಲಿ ಮಿಡತೆ ಗೆಲ್ಲುತ್ತಾಳೆ. ಇದು ಪರವಾಗಿಲ್ಲ ಅನ್ನಿಸಿತು. ಅಷ್ಟರಲ್ಲಿ ಮೂಗಿನಲ್ಲಿ ಯಾರೋ ಮಾತಾಡಿದರು.

“ಏನ್ ತಾಯಿ, ನನ್ನನ್ನ ಕೇಳೋದು ಬೇಡ್ವಾ?”

“ನಿನಗೇನಪ್ಪ ಕಷ್ಟ? ಪುಸ್ತಕದಲ್ಲಿ ಜಾಗ ಕೊಡ್ತಿದೀನಿ.”

“ನಾಲ್ಕು ವರ್ಷ ಪೊದೆ ಹಿಂದೆ ನಿಲ್ಲಿಸಿದೆ. ಕಾಲು ಸೋತ್ರೂ ತುಟಿ ಬಿಚ್ಚಲಿಲ್ಲ. ಈಗ ಪೆನ್ಸಿಲಲ್ಲಿ ಬರೆದ್ರೆ ಬರೀ ಚಿತ್ರ ಆಗ್ತೀನಿ. ಇನ್ನೊಂದು ಸುಳ್ಳನ್ನೂ ನನ್ನ ತಲೆಗೇ ಕಟ್ಟಬೇಡ.”

“ಹಾಗಾದ್ರೆ ಏನ್ ಮಾಡಲಿ?”

“ನನ್ನನ್ನೇನ್ ಕೇಳ್ತೀಯ? ನನ್ನ ಮಾತೆಲ್ಲ ನಿಂದೇ. ‘ನನ್ನೊಬ್ಬನ್ನೇ ಬಿಟ್ಟು ಹೋಗ್ಬೇಡ್ರೋ’ ಅಂತ ದಿನಾ ಕೂಗಿಸ್ತಿದ್ಯಲ್ಲ, ಯಾರಿಗೆ ಕೂಗಿಸ್ತಿದ್ದೆ? ನಂಗಂತೂ ಆ ಕಾಡಲ್ಲಿ ಯಾರ ಪರಿಚಯನೂ ಇಲ್ಲ.”

ಪಾತ್ರಗಳಿಗೆ ಸಲಿಗೆ ಕೊಟ್ಟರೆ ಇದೇ ಆಗುವುದು. ಅವನ ಬಾಯಿ ಅಲ್ಲಿಗೇ ಮುಚ್ಚಿಸಿದೆ. ಪೆನ್ಸಿಲನ್ನೂ ಡಬ್ಬಿಗೆ ಹಾಕಿದೆ.

11

ಮೆಷೀನು ಈಗ ಗರಗರ ತಿರುಗುತ್ತಿದೆ, ಸ್ಟೂಲೂ ನಡುಗುತ್ತಿದೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ.

ಅಮ್ಮ ಎದ್ದು ಬಾಗಿಲವರೆಗೆ ಹೋದಳು. ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೊಲಿದುಕೊಂಡಳು: ನಾಳೆ ನಾನೇ ಸ್ಕೂಲಿಗೆ ಬಂದು, ಸುಳ್ಳು ನನ್ನದು ಎಂದು ಎಲ್ಲರ ಮುಂದೆ ಹೇಳುತ್ತೇನೆ. ಕೈ ಎತ್ತಿದಳು.

ಒಳಗೆ ಮಿಡತೆ ಗಟ್ಟಿಯಾಗಿ ಓದುತ್ತಿದ್ದಳು. ನಾಳೆಗೆ ಅಭ್ಯಾಸ. ಕರಡಿಗೆ ದಪ್ಪ ದನಿ, ಬಾತುಕೋಳಿಗೆ ಕೀರಲು ದನಿ. ದೆವ್ವ ಬಂತು. ಎಲ್ಲರೂ ಓಡಿದರು. ಐದನೇ ಪುಟ ಮುಗಿಯಿತು. ಪುಟ ಮಗುಚುವ ಸದ್ದು ಬರಬೇಕಿತ್ತು.

ಬರಲಿಲ್ಲ.

ಮೂಗಿನ ದನಿ ಬಂತು. “ನಾನೇನ್ ಹೆದರ್ಕೊಂಡಿಲ್ಲ, ಮುಳ್ಳು ತಾನಾಗೇ ಎದ್ದಿದೆ.” ಅಮ್ಮನ ತುಟಿಗಳು ಮುಂದಿನ ಮಾತಿಗೆ ತಾವಾಗಿಯೇ ಅಲುಗಿದವು: ಇರ್ರೋ, ನಾನೂ ಬರ್ತೀನಿ…

ಆದರೆ ಒಳಗಿನ ಮುಳ್ಳುಹಂದಿ ಹಾಗೆನ್ನಲಿಲ್ಲ. “ನೀವ್ ಓಡಿ,” ಎಂದ. “ನಾನು ಇಲ್ಲೇ ಇರ್ತೀನಿ. ದೆವ್ವ ಒಂದೇ ಆಗ್ಬಿಡುತ್ತೆ, ಪಾಪ.”

ನಾನು ಬರೆದ ಮಾತಲ್ಲ ಅದು. ಅಮ್ಮನೂ ಎಂದೂ ಹೇಳಿಕೊಟ್ಟದ್ದಲ್ಲ.

1

ನಿಮ್ಮ ಮನೆಯ ಮೆಷೀನೂ ಹೀಗೆಯೇ ಇರಬಹುದು. ಐವತ್ತೊಂದು ನಿಮಿಷ ಸರಸರ ಇಳಿದು, ಕೊನೆಯ ಒಂದರ ಹತ್ತಿರ ಬಂದು ಸುಮ್ಮನೆ ಕೂತುಬಿಡುತ್ತದೆ. ಹತ್ತು ನಿಮಿಷವಾದರೂ ಒಂದು ಒಂದೇ.

ನಾಳೆ ಮಿಡತೆ ಆ ದನಿಯನ್ನು ಕ್ಲಾಸಿನಲ್ಲಿ ಓದುತ್ತಾಳೋ ಇಲ್ಲವೋ ಎಂದು ಕೇಳಬೇಡಿ. ಅಮ್ಮ ಬಾಗಿಲು ತಟ್ಟಿದಳೇ ಎಂದೂ ಕೇಳಬೇಡಿ. ತಟ್ಟಿದರೆ ಓದು ನಿಂತುಹೋಗುತ್ತದೆ. ತಟ್ಟದಿದ್ದರೆ ಅಮ್ಮ ಹೊರಗೇ ಉಳಿಯುತ್ತಾಳೆ. ಎರಡನ್ನೂ ಬರೆದು ನೋಡಿದೆ, ಎರಡನ್ನೂ ಹೊಡೆದುಹಾಕಿದೆ.

ಕೈ ಇನ್ನೂ ಎತ್ತಿಯೇ ಇದೆ. ಒಳಗೆ ಕತ್ತೆಗೆ ಸೀನು ಬರುವ ಪುಟ ಹತ್ತಿರವಾಗುತ್ತಿದೆ. ಮೆಷೀನು 1 ಎನ್ನುತ್ತಿದೆ. ನಾನು ಪೊದೆಯ ಹಿಂದೆ ನಿಂತಿದ್ದೇನೆ.